ಗುಡ್ಡದ ತೊಂಬತ್ತೆರಡು, ಬಯಲಿನ ತೊಂಬತ್ತು: ಗಾಲ್ಫ್ ಹ್ಯಾಂಡಿಕ್ಯಾಪ್‌ನ ಲೆಕ್ಕ

ಶಿವಮೊಗ್ಗದಲ್ಲಿ ಗಣಿತದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ನಮ್ಮ ಕಡೆ ಮನೆಯಂಗಳದಲ್ಲಿ ಮಕ್ಕಳು ಆಡುವಾಗ ತೀರ ಚಿಕ್ಕದೊಂದು ಮಗು ತಾನೂ ಬರುತ್ತೇನೆಂದು ಹಟ ಹಿಡಿದರೆ, ದೊಡ್ಡ ಮಕ್ಕಳು ಅದನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಮಗುವಿಗೆ ಅಳು ನಿಲ್ಲುತ್ತದೆ, ಆಟವೂ ಕೆಡುವುದಿಲ್ಲ. ಆದರೆ ಆ ಮಗು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಬಲ್ಲವನೂ ಕಲಿಯುತ್ತಿರುವವನೂ ಒಟ್ಟಿಗೆ ಆಡಬೇಕು, ಇಬ್ಬರೂ ಲೆಕ್ಕಕ್ಕೆ ಬರಬೇಕು, ಇಬ್ಬರಿಗೂ ಗೆಲ್ಲುವ ಅವಕಾಶವಿರಬೇಕು ಎಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ಗಾಲ್ಫ್ ಆಟ ನೂರಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದೆ. ಆ ಉತ್ತರದ ಹೆಸರು ಹ್ಯಾಂಡಿಕ್ಯಾಪ್.

ಈ ಪದ ಹುಟ್ಟಿದ್ದು ಗಾಲ್ಫ್‌ನಲ್ಲಿ ಅಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ತಮ್ಮ ವಸ್ತುಗಳನ್ನು ಬದಲಾಯಿಸಿಕೊಳ್ಳುವಾಗ ಮೂರನೆಯವನೊಬ್ಬ ಮಧ್ಯಸ್ಥನಾಗಿ ನಿಂತು, ಕಡಿಮೆ ಬೆಲೆಯ ವಸ್ತುವಿನವನು ಮೇಲೆ ಎಷ್ಟು ಹಣ ಸೇರಿಸಬೇಕೆಂದು ಹೇಳುತ್ತಿದ್ದ. ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಇಬ್ಬರೂ ಟೋಪಿಯೊಳಗೆ ಕೈ ಹಾಕಿ ತೋರಿಸುತ್ತಿದ್ದರು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರಿಗೆ ಆ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಲ್ಲಿಂದ ಪದವು ಕುದುರೆ ಪಂದ್ಯಕ್ಕೆ ಹೋಯಿತು. ವೇಗದ ಕುದುರೆಯ ಮೇಲೆ ಹೆಚ್ಚು ಭಾರ ಹೇರಿ ಪಂದ್ಯವನ್ನು ಸರಿದೂಗಿಸುವುದಕ್ಕೆ ಆ ಹೆಸರು ಬಂತು. ಗಾಲ್ಫ್‌ನಲ್ಲಿ ಭಾರ ಹೇರುವುದಿಲ್ಲ, ಹೊಡೆತಗಳನ್ನು ಕೊಡುತ್ತಾರೆ.

ಗಾಲ್ಫ್ ಆಡದವರಿಗಾಗಿ ಎರಡು ಮಾತು. ಹದಿನೆಂಟು ಹೋಲ್‌ಗಳಿರುವ ಕೋರ್ಸ್‌ನಲ್ಲಿ ಚೆಂಡನ್ನು ಎಲ್ಲ ಹೋಲ್‌ಗಳಿಗೂ ಸೇರಿಸಲು ಎಷ್ಟು ಹೊಡೆತಗಳು ಬೇಕಾದವು ಎಂಬುದೇ ಆಟಗಾರನ ಅಂಕ. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆಲ್ಲುತ್ತಾನೆ. ಪ್ರತಿ ಹೋಲ್‌ಗೂ ಪಾರ್ ಎಂಬ ನಿಗದಿತ ಸಂಖ್ಯೆಯುಂಟು, ಅದು ಸಾಮಾನ್ಯವಾಗಿ 3, 4 ಅಥವಾ 5. ಪಾರ್‌ಗಿಂತ ಒಂದು ಹೊಡೆತ ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಒಬ್ಬ ಆಟಗಾರ ಇನ್ನೊಬ್ಬನಿಗಿಂತ ಹತ್ತು ಹೊಡೆತಗಳಷ್ಟು ಹಿಂದಿದ್ದರೆ, ಅವನ ಅಂಕದಿಂದ ಹತ್ತನ್ನು ಕಳೆದು ಇಬ್ಬರನ್ನೂ ಹೋಲಿಸಬಹುದು. ಇಷ್ಟೇ ಆಗಿದ್ದರೆ ನಾನು ನಿಮ್ಮ ಮುಂದೆ ನಿಲ್ಲಬೇಕಾಗಿರಲಿಲ್ಲ. ಟೆನಿಸ್ ಅಂಕಣ ಎಲ್ಲಿ ಹೋದರೂ ಒಂದೇ ಅಳತೆಯದು; ಗಾಲ್ಫ್ ಕೋರ್ಸ್‌ಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಚಿಕ್ಕಮಗಳೂರಿನ ಅಥವಾ ಮಡಿಕೇರಿಯ ಏರುತಗ್ಗಿನಲ್ಲಿ ಹೊಡೆದ 90ಕ್ಕೂ ಬೆಂಗಳೂರಿನ ಬಯಲಿನಲ್ಲಿ ಹೊಡೆದ 90ಕ್ಕೂ ಒಂದೇ ಬೆಲೆ ಕಟ್ಟುವಂತಿಲ್ಲ. ನಮ್ಮ ಅಡಿಕೆ ಮಂಡಿಯಲ್ಲಿ ಎರಡು ಮೂಟೆಗಳ ತೂಕ ಒಂದೇ ಎಂಬ ಕಾರಣಕ್ಕೆ ಮೇಲ್ದರ್ಜೆಯ ಸರಕಿಗೂ ಕೆಳದರ್ಜೆಯ ಗೊರಬಲಿಗೂ ಒಂದೇ ಧಾರಣೆ ಹಾಕುತ್ತಾರೆಯೇ?

ಈ ವಿಷಯ ನನ್ನ ಮನಸ್ಸಿಗೆ ಹತ್ತಿಕೊಂಡದ್ದು ಒಂದು ನೋವಿನ ಪ್ರಸಂಗದಿಂದ. ಸುಮಾರು ಮೂವತ್ತು ವರ್ಷಗಳ ಹಿಂದೆ, ನನ್ನ ಸ್ನೇಹಿತರಾದ ಒಬ್ಬ ಕಾಫಿ ಬೆಳೆಗಾರರು ಗುಡ್ಡದ ಮೇಲಿನ ಒಂದೇ ಕೋರ್ಸ್‌ನಲ್ಲಿ ವರ್ಷಗಟ್ಟಲೆ ಆಡಿ 20ರ ಹ್ಯಾಂಡಿಕ್ಯಾಪ್ ಪಡೆದಿದ್ದರು. ಅದೇ ಸಂಖ್ಯೆಯನ್ನು ಹೊತ್ತು ನಗರದ ಸಮತಟ್ಟಾದ ಕೋರ್ಸೊಂದರ ಪಂದ್ಯಕ್ಕೆ ಹೋದರು. ಅವರ ಅಂಕಪಟ್ಟಿ ಬರೆಯುತ್ತಿದ್ದವನು ನಾನೇ. ಅವರು ಎಂದಿನಂತೆಯೇ ಆಡಿದರು, ಆದರೆ 20 ಹೊಡೆತಗಳನ್ನು ಕಳೆದಾಗ ಎಲ್ಲರಿಗಿಂತ ಬಹಳ ಮುಂದೆ ಇದ್ದರು. ಸಂಘಟಕರು ಬಹುಮಾನವನ್ನು ತಡೆಹಿಡಿದರು. ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಂಡವರು ಎಂಬ ಮಾತು ಅವರ ಕಿವಿಗೆ ಬೀಳುವಂತೆಯೇ ಆಡಲಾಯಿತು. ಅವರು ಮೋಸ ಮಾಡಿರಲಿಲ್ಲ ಎಂಬುದಕ್ಕೆ ನಾನು ಸಾಕ್ಷಿ. ಆಟಗಾರನನ್ನು ಅಳೆದಿದ್ದರು, ಅವನು ಆಡಿದ ನೆಲವನ್ನು ಅಳೆದಿರಲಿಲ್ಲ. ತಪ್ಪು ಇದ್ದದ್ದು ಅಲ್ಲಿ.

ನೆಲವನ್ನು ಅಳೆಯುವುದು ಎಂದರೇನು? ಮೊದಲು ಹೊಳೆಯುವ ಉತ್ತರ, ಪ್ರತಿ ಕೋರ್ಸ್‌ಗೂ ಕಷ್ಟದ ಒಂದು ಸಂಖ್ಯೆ ಕೊಡುವುದು: ಈ ಕೋರ್ಸ್ ಆ ಕೋರ್ಸ್‌ಗಿಂತ ಮೂರು ಹೊಡೆತ ಕಠಿಣ, ಆದ್ದರಿಂದ ಅಂಕದಿಂದ ಮೂರನ್ನು ಕಳೆಯಿರಿ. ಬಹುಕಾಲ ಹೀಗೆಯೇ ನಡೆಯಿತು. ಇದು ಸಾಲದು ಏಕೆಂಬುದನ್ನು ನಮ್ಮೂರಿನ ನಡಿಗೆಯಿಂದ ನೋಡೋಣ. ತುಂಗಾ ನಾಲೆಯ ಏರಿಯ ಮೇಲೆ ನಾಲ್ಕು ಕಿಲೋಮೀಟರ್ ನಡೆಯಲು ಅಭ್ಯಾಸವಿರುವವರಿಗೆ 40 ನಿಮಿಷ, ಇಲ್ಲದವರಿಗೆ 50 ನಿಮಿಷ ಹಿಡಿಯಿತೆನ್ನಿ; ಅಂತರ ಹತ್ತು ನಿಮಿಷ. ಅದೇ ಇಬ್ಬರು ಕೊಡಚಾದ್ರಿಯನ್ನು ಹತ್ತಲಿ. ಅಭ್ಯಾಸವಿರುವವರು ಎರಡು ಗಂಟೆಯಲ್ಲಿ ಮೇಲೆ ನಿಂತಿರುತ್ತಾರೆ, ಇನ್ನೊಬ್ಬರು ಮೂರೂವರೆ ಗಂಟೆಯಾದರೂ ದಾರಿಯಲ್ಲೇ ಕುಳಿತಿರಬಹುದು. ಕೊಡಚಾದ್ರಿ ಇಬ್ಬರಿಗೂ ಕಷ್ಟ, ಆದರೆ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಕಷ್ಟವಲ್ಲ; ಏರು ಹೆಚ್ಚಿದಂತೆ ಬಲ್ಲವನಿಗೂ ಅಲ್ಲದವನಿಗೂ ನಡುವಿನ ಅಂತರವೇ ಹಿಗ್ಗುತ್ತದೆ. ಹಾಗಾದರೆ ಕಷ್ಟ ಎಂಬುದು ನೆಲದಲ್ಲಿ ಮಾತ್ರ ಇರುವ ಗುಣವಲ್ಲ, ನೆಲ ಮತ್ತು ನಡೆಯುವವನ ನಡುವೆ ಇರುವ ಸಂಬಂಧ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಅದನ್ನು ಒಂದು ಬಿಂದುವಿನಿಂದ ತೋರಿಸಲಾಗದು, ಒಂದು ರೇಖೆ ಬೇಕು. ರೇಖೆ ಎಳೆಯಲು ಕನಿಷ್ಠ ಎರಡು ಬಿಂದುಗಳು ಬೇಕು.

ಗಾಲ್ಫ್ ಈ ಎರಡು ಬಿಂದುಗಳನ್ನು ಇಬ್ಬರು ಮಾದರಿ ಆಟಗಾರರಿಂದ ಪಡೆಯುತ್ತದೆ. ಒಬ್ಬ ಸ್ಕ್ರ್ಯಾಚ್ ಆಟಗಾರ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ ಇರುವವನು. ಇನ್ನೊಬ್ಬ ಬೋಗಿ ಆಟಗಾರ: ಪುರುಷರಲ್ಲಿ ಸುಮಾರು 20, ಮಹಿಳೆಯರಲ್ಲಿ ಸುಮಾರು 24 ಹ್ಯಾಂಡಿಕ್ಯಾಪ್ ಇರುವವರು. ಪುರುಷ ಸ್ಕ್ರ್ಯಾಚ್ ಆಟಗಾರ ಮೊದಲ ಹೊಡೆತದಲ್ಲಿ 250 ಗಜ ಕಳಿಸುತ್ತಾನೆ, ಎರಡು ಹೊಡೆತಗಳಲ್ಲಿ 470 ಗಜದ ಹೋಲ್‌ನ ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸನ್ನು ತಲುಪುತ್ತಾನೆ ಎಂದು ನಿಯಮ ಇಟ್ಟುಕೊಂಡಿದೆ. ಬೋಗಿ ಆಟಗಾರನಿಗೆ ಆ ಅಳತೆ 200 ಮತ್ತು 370 ಗಜ. ಮಹಿಳೆಯರಲ್ಲಿ ಸ್ಕ್ರ್ಯಾಚ್‌ಗೆ 210 ಮತ್ತು 400, ಬೋಗಿಗೆ 150 ಮತ್ತು 280. ಕಷ್ಟವನ್ನು ಅಳೆಯುವ ರೇಟಿಂಗ್ ತಂಡ ಕೋರ್ಸ್‌ಗೆ ಬಂದಾಗ ಈ ಇಬ್ಬರ ಚೆಂಡು ಎಲ್ಲಿ ಬೀಳುತ್ತದೆಯೋ ಅಲ್ಲಿ ನಿಂತು ಸುತ್ತ ನೋಡುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮಲೆನಾಡಿನವರಿಗೆ ಇದು ಬೇಗ ಮನಸ್ಸಿಗೆ ಇಳಿಯುವ ಭಾಗ. ಟೀಯಿಂದ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಿಂದ, 190 ಗಜದಲ್ಲಿ ಆರಂಭವಾಗಿ 220 ಗಜದವರೆಗೆ ಹಬ್ಬಿದ ಒಂದು ಹಳ್ಳ ಫೇರ್‌ವೇಯನ್ನು, ಅಂದರೆ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿಯನ್ನು, ಅಡ್ಡವಾಗಿ ಸೀಳಿದೆ ಎಂದುಕೊಳ್ಳಿ. ಸ್ಕ್ರ್ಯಾಚ್ ಆಟಗಾರನ ಚೆಂಡು ಅದರ ಮೇಲೆ ಹಾರಿ 250 ಗಜದಲ್ಲಿ ನಿಲ್ಲುತ್ತದೆ. ಅವನ ಪಾಲಿಗೆ ಆ ಹಳ್ಳ ಬಹುಮಟ್ಟಿಗೆ ಇಲ್ಲದಂತೆಯೇ. ಬೋಗಿ ಆಟಗಾರನ 200 ಗಜದ ಹೊಡೆತ ನೇರವಾಗಿ ಹಳ್ಳಕ್ಕೇ ಇಳಿಯುತ್ತದೆ. ಅವನು ಬೇಕೆಂದೇ ಚಿಕ್ಕದಾಗಿ ಹೊಡೆದು 175 ಗಜದಲ್ಲಿ ನಿಲ್ಲಿಸಬೇಕು, ಆಮೇಲೆ ಉಳಿದ ದೂರವನ್ನು ಹಳ್ಳ ದಾಟಿಸಿ ಕಳಿಸಬೇಕು. ಅಲ್ಲಿ ಇಪ್ಪತ್ತೈದು ಗಜ ಕಳೆದುಕೊಂಡವನು ಗ್ರೀನ್ ಸೇರಲು ಇನ್ನೊಂದು ಹೊಡೆತ ತೆರುತ್ತಾನೆ. ಕೋರ್ಸ್‌ನ ಉದ್ದದಲ್ಲಿ ಈ ವ್ಯತ್ಯಾಸ ಎಲ್ಲೂ ಕಾಣುವುದಿಲ್ಲ. ಆದ್ದರಿಂದಲೇ ತಂಡವು ಬರಿಯ ಉದ್ದವನ್ನಲ್ಲದೆ, ಆಟಕ್ಕೆ ನಿಜವಾಗಿ ಒದಗುವ ಉದ್ದವನ್ನು ಲೆಕ್ಕ ಹಾಕುತ್ತದೆ. ಚೆಂಡು ಉರುಳುವ ದೂರ, ಏರು ಇಳಿತ, ತಿರುವು, ಗಾಳಿ, ಸಮುದ್ರಮಟ್ಟದಿಂದ ಎತ್ತರ, ಎಲ್ಲವೂ ಅದರಲ್ಲಿ ಸೇರುತ್ತವೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಚೆಂಡು ದೂರ ಹಾರುತ್ತದೆ. ಸಾವಿರ ಮೀಟರ್ ದಾಟಿದ ಮಡಿಕೇರಿಯಂಥ ಊರಿನಲ್ಲಿ ಇದನ್ನು ಬಿಡುವಂತಿಲ್ಲ. ನಂತರ ನೆಲದ ಓರೆ, ಫೇರ್‌ವೇ ಅಗಲ, ಗ್ರೀನ್‌ನ ಗಾತ್ರ ಮತ್ತು ಹಾಸು, ರಫ್ ಎಂಬ ಎತ್ತರದ ಹುಲ್ಲು, ಬಂಕರ್ ಎಂಬ ಮರಳುಗುಂಡಿ, ನೀರು, ಮರಗಳು ಇವುಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಇವೆಲ್ಲ ಸೇರಿ ಮನಸ್ಸಿನ ಮೇಲೆ ಬೀರುವ ಒತ್ತಡಕ್ಕೂ ಒಂದು ಅಂಕಣವಿದೆ. ಒಂದು ಬದಿಗೆ ಕಮರಿ, ಇನ್ನೊಂದು ಬದಿಗೆ ಕಾಫಿ ಗಿಡಗಳ ಪೊದೆ ಇರುವ ಟೀಯಲ್ಲಿ ನಿಂತವರಿಗೆ ಆ ಅಂಕಣದ ಅಗತ್ಯವನ್ನು ವಿವರಿಸಬೇಕಿಲ್ಲ.

ಇದರಿಂದ ಎರಡು ಸಂಖ್ಯೆಗಳು ಹೊರಡುತ್ತವೆ. ಸ್ಕ್ರ್ಯಾಚ್ ಆಟಗಾರನಿಂದ ನಿರೀಕ್ಷಿಸುವ ಅಂಕ ಕೋರ್ಸ್ ರೇಟಿಂಗ್. ಬೋಗಿ ಆಟಗಾರನಿಂದ ನಿರೀಕ್ಷಿಸುವುದು ಬೋಗಿ ರೇಟಿಂಗ್. ಎರಡರ ವ್ಯತ್ಯಾಸವನ್ನು ಪುರುಷರಿಗಾದರೆ 5.381ರಿಂದ, ಮಹಿಳೆಯರಿಗಾದರೆ 4.24ರಿಂದ ಗುಣಿಸಿದರೆ ಬರುವುದು ಸ್ಲೋಪ್ ರೇಟಿಂಗ್. ಸ್ಲೋಪ್ ಎಂದರೆ ಗುಡ್ಡದ ಇಳಿಜಾರಲ್ಲ, ನಾನು ಆಗ ಹೇಳಿದ ರೇಖೆಯ ಓರೆ. ಅದರ ಕನಿಷ್ಠ 55, ಗರಿಷ್ಠ 155. 113 ಎಂಬುದು ಪ್ರಮಾಣ ಕೋರ್ಸ್‌ಗೆ ನಿಗದಿಯಾದ ಸಂಖ್ಯೆ. ಒಂದೇ ಕೋರ್ಸ್‌ನಲ್ಲಿ ಪ್ರತಿ ಟೀಗೂ, ಅದರಲ್ಲೂ ಪುರುಷರಿಗೆ ಬೇರೆ, ಮಹಿಳೆಯರಿಗೆ ಬೇರೆ ರೇಟಿಂಗ್ ಇರುತ್ತದೆ, ಮತ್ತು ಕನಿಷ್ಠ ಹತ್ತು ವರ್ಷಗಳಿಗೊಮ್ಮೆ ಮರು ಅಳತೆಯಾಗಬೇಕು. ಈ ವಿಚಾರವನ್ನು ಗಣಿತಕ್ಕೆ ತಂದವರಲ್ಲಿ ಮುಖ್ಯರು ಅಮೆರಿಕದ ನೌಕಾಪಡೆಯಲ್ಲಿದ್ದ ಡೀನ್ ಕನೂತ್. 1983ರಲ್ಲಿ ಕೊಲೊರಾಡೊ ರಾಜ್ಯದ ಕೋರ್ಸ್‌ಗಳಲ್ಲಿ ಪ್ರಯೋಗವಾಗಿ, 1987ರಿಂದ ಅಮೆರಿಕದಾದ್ಯಂತ ಬಳಕೆಗೆ ಬರತೊಡಗಿತು. ಅದಕ್ಕೂ ಬಹಳ ಹಿಂದೆ, 1893ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಲೇಡೀಸ್ ಗಾಲ್ಫ್ ಯೂನಿಯನ್, ಇಸೆಟ್ ಪಿಯರ್ಸನ್ ಅವರ ಕಾರ್ಯದರ್ಶಿತ್ವದಲ್ಲಿ ಎಲ್ಲ ಕ್ಲಬ್‌ಗಳಿಗೂ ಒಂದೇ ಹ್ಯಾಂಡಿಕ್ಯಾಪ್ ಕ್ರಮವನ್ನು ರೂಪಿಸಿತ್ತು. ಪುರುಷರ ಕ್ಲಬ್‌ಗಳು ಅಂಥ ಒಮ್ಮತಕ್ಕೆ ಬರಲು ಇನ್ನೂ ದಶಕಗಳು ಬೇಕಾದವು. ಈ ಸಂಗತಿಯನ್ನು ಇಲ್ಲಿರುವ ವಿದ್ಯಾರ್ಥಿನಿಯರಿಗಾಗಿ ವಿಶೇಷವಾಗಿ ಹೇಳುತ್ತಿದ್ದೇನೆ. ಬೇರೆ ಬೇರೆ ದೇಶಗಳಲ್ಲಿ ಬೆಳೆದ ಆರು ಪದ್ಧತಿಗಳು 2020ರಲ್ಲಿ ಒಂದಾಗಿ ಇಂದಿನ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಾಯಿತು.

ಈಗ ಲೆಕ್ಕ. ನಾನು ಕಲ್ಪಿಸಿಕೊಂಡ ಎರಡು ಕೋರ್ಸ್‌ಗಳನ್ನು ಫಲಕದ ಮೇಲೆ ಬರೆದಿದ್ದೇನೆ. ಬಯಲಿನ ಕೋರ್ಸ್: ಪಾರ್ 72, ಕೋರ್ಸ್ ರೇಟಿಂಗ್ 71.5, ಬೋಗಿ ರೇಟಿಂಗ್ 92.5. ವ್ಯತ್ಯಾಸ 21, ಅದನ್ನು 5.381ರಿಂದ ಗುಣಿಸಿದರೆ 113. ಗುಡ್ಡದ ಕೋರ್ಸ್: ಪಾರ್ 70, ಕೋರ್ಸ್ ರೇಟಿಂಗ್ 70.3, ಬೋಗಿ ರೇಟಿಂಗ್ 95.2. ವ್ಯತ್ಯಾಸ 24.9, ಸ್ಲೋಪ್ 134. ಇಲ್ಲಿರುವ ವಿಚಿತ್ರವನ್ನು ಗಮನಿಸಿ. ಉದ್ದದಲ್ಲಿ ಚಿಕ್ಕದಾದ ಗುಡ್ಡದ ಕೋರ್ಸ್ ಸ್ಕ್ರ್ಯಾಚ್ ಆಟಗಾರನಿಗೆ ಬಯಲಿಗಿಂತ 1.2 ಹೊಡೆತ ಸುಲಭ. ಬೋಗಿ ಆಟಗಾರನಿಗೆ ಅದೇ ಕೋರ್ಸ್ 2.7 ಹೊಡೆತ ಕಠಿಣ. ‘ಯಾವ ಕೋರ್ಸ್ ಕಷ್ಟ’ ಎಂದು ಕೇಳಿದರೆ ‘ಯಾರಿಗೆ’ ಎಂಬ ಮರುಪ್ರಶ್ನೆಯಿಲ್ಲದೆ ಉತ್ತರಿಸುವಂತಿಲ್ಲ.

ಒಂದು ಸುತ್ತಿನ ಅಂಕವನ್ನು ಪ್ರಮಾಣಕ್ಕೆ ತರುವುದು ಹೀಗೆ: ಅಂಕದಿಂದ ಕೋರ್ಸ್ ರೇಟಿಂಗನ್ನು ಕಳೆಯಿರಿ, ಬಂದದ್ದನ್ನು 113ರಿಂದ ಗುಣಿಸಿ ಸ್ಲೋಪ್‌ನಿಂದ ಭಾಗಿಸಿ. ಗುಡ್ಡದಲ್ಲಿ 92 ಹೊಡೆದವರಿಗೆ 92ರಲ್ಲಿ 70.3 ಹೋಗಿ 21.7, ಅದಕ್ಕೆ 113ರ ಗುಣಾಕಾರ, 134ರ ಭಾಗಾಕಾರ, ಉತ್ತರ 18.3. ಬಯಲಿನಲ್ಲಿ 90 ಹೊಡೆದವರಿಗೆ 90ರಲ್ಲಿ 71.5 ಹೋಗಿ 18.5, ಸ್ಲೋಪ್ 113 ಆದ್ದರಿಂದ ಹಾಗೆಯೇ ಉಳಿಯುತ್ತದೆ. ಗುಡ್ಡದ 92 ಬಯಲಿನ 90ಕ್ಕಿಂತ ಒಂದು ಕೂದಲೆಳೆಯಷ್ಟು ಉತ್ತಮ.

ಮುಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಯೊಬ್ಬರು ಈಗಷ್ಟೇ ಕೇಳಿದ ಪ್ರಶ್ನೆ ಒಳ್ಳೆಯದು: ಕಳೆದರೆ ಸಾಲದೆ, ಭಾಗಿಸುವುದೇಕೆ? ಕಳೆಯುವುದರಿಂದ ರೇಖೆಯ ಬುಡ ಮಾತ್ರ ಸರಿಯಾಗುತ್ತದೆ. ಎರಡು ಕೋರ್ಸ್‌ಗಳ ರೇಖೆಗಳೂ ಸೊನ್ನೆಯಿಂದ ಹೊರಡುವಂತಾಗುತ್ತವೆ. ಆದರೆ ಗುಡ್ಡದ ರೇಖೆ ಕಡಿದಾಗಿ ಏರುತ್ತದೆ, ಅಲ್ಲಿ ಪ್ರತಿಯೊಂದು ಅಂತರವೂ ಎಳೆದಂತೆ ಉದ್ದವಾಗಿರುತ್ತದೆ. ಭಾಗಿಸಿದಾಗ ಆ ಎಳೆತ ಕುಗ್ಗಿ ಪ್ರಮಾಣಕ್ಕೆ ಬರುತ್ತದೆ.

ಹೀಗೆ ಬಂದ ಸಂಖ್ಯೆಗಳಲ್ಲಿ ಇತ್ತೀಚಿನ ಇಪ್ಪತ್ತನ್ನು ತೆಗೆದುಕೊಂಡು, ಅವುಗಳಲ್ಲಿ ಅತ್ಯುತ್ತಮವಾದ ಎಂಟರ ಸರಾಸರಿ ಮಾಡಿದರೆ ಹ್ಯಾಂಡಿಕ್ಯಾಪ್ ಸೂಚ್ಯಂಕ ದೊರೆಯುತ್ತದೆ. ಹೊಸಬರಿಗೆ 54 ಹೋಲ್‌ಗಳ ಅಂಕ ಇದ್ದರೆ ಸಾಕು, ಸೂಚ್ಯಂಕ ಆರಂಭವಾಗುತ್ತದೆ. ಅದರ ಗರಿಷ್ಠ 54. ಎಲ್ಲ ಇಪ್ಪತ್ತರ ಸರಾಸರಿ ಏಕಲ್ಲ ಎಂದು ಸಂಖ್ಯಾಶಾಸ್ತ್ರ ಓದಿದವರು ಕೇಳಬಹುದು. ಹ್ಯಾಂಡಿಕ್ಯಾಪ್ ಅಳೆಯುವುದು ಆಟಗಾರನ ಸಾಮಾನ್ಯ ದಿನವನ್ನಲ್ಲ, ಅವನ ಸಾಮರ್ಥ್ಯವನ್ನು. ಆ ಎಂಟರಲ್ಲಿ ಸುಮಾರು ಅರ್ಧದಷ್ಟು ಸುತ್ತುಗಳು ಮಾತ್ರ ಸರಾಸರಿಗಿಂತ ಉತ್ತಮವಾಗಿರುತ್ತವೆ, ಅಂದರೆ ಇಪ್ಪತ್ತರಲ್ಲಿ ನಾಲ್ಕೈದು. ತನ್ನ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡಲಾಗುತ್ತಿಲ್ಲ ಎಂದು ಕೊರಗುವ ಗೆಳೆಯರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಕೆಟ್ಟ ಸುತ್ತುಗಳನ್ನು ಬಿಟ್ಟುಬಿಡುವುದರಿಂದ, ಬೇಕೆಂದೇ ಕೆಟ್ಟದಾಗಿ ಆಡುವವರಿಗೂ ಅದರಿಂದ ಸುಲಭ ಲಾಭವಿಲ್ಲ.

ಅದೇ ಉದ್ದೇಶಕ್ಕೆ ಇನ್ನೆರಡು ಕಟ್ಟುಗಳಿವೆ. ಒಂದು ಹೋಲ್‌ನಲ್ಲಿ ಎಷ್ಟೇ ಹೊಡೆತ ಆಗಲಿ, ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಪಾರ್, ಎರಡು, ಆ ಹೋಲ್‌ನಲ್ಲಿ ಹ್ಯಾಂಡಿಕ್ಯಾಪ್‌ನಿಂದ ನಿಮಗೆ ಸಿಗುವ ರಿಯಾಯಿತಿ ಹೊಡೆತ, ಇವುಗಳ ಮೊತ್ತಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಪಾರ್ 4ರ ಹೋಲ್‌ನಲ್ಲಿ ನಿಮಗೆ ಒಂದು ಹೊಡೆತ ಸಿಗುತ್ತದೆ ಎನ್ನೋಣ. ಎರಡು ಚೆಂಡುಗಳು ಕಾಫಿ ತೋಟದೊಳಗೆ ಹೋಗಿ ಹನ್ನೊಂದು ಹೊಡೆತವಾದರೂ ಅಲ್ಲಿ ಬರೆಯುವುದು 7. ಒಂದು ಹೋಲ್‌ನ ಅನಾಹುತ ಇಡೀ ಸುತ್ತನ್ನು ನುಂಗಬಾರದು. ಮತ್ತೆ, ಹಿಂದಿನ 365 ದಿನಗಳ ಕನಿಷ್ಠ ಸೂಚ್ಯಂಕಕ್ಕಿಂತ 3 ಮೇಲೆ ಹೋದ ಮೇಲೆ ಏರಿಕೆಯ ಅರ್ಧವನ್ನಷ್ಟೇ ಎಣಿಸುತ್ತಾರೆ, 5ರ ಮೇಲೆ ಏರಿಕೆಯೇ ಇಲ್ಲ. ಕನಿಷ್ಠ 12 ಇದ್ದವರ ಹೊಸ ಲೆಕ್ಕ 17 ಬಂದರೆ ದಾಖಲಾಗುವುದು 16.

ಸೂಚ್ಯಂಕವನ್ನು ಹಾಗೆಯೇ ಆಟಕ್ಕೆ ಒಯ್ಯುವುದಿಲ್ಲ ಎಂಬುದು ನನ್ನ ಸ್ನೇಹಿತರ ಪ್ರಸಂಗಕ್ಕೆ ನೇರವಾಗಿ ತಾಕುವ ವಿಷಯ. ಯಾವ ಕೋರ್ಸ್‌ಗೆ ಹೋಗುತ್ತೀರೋ ಅಲ್ಲಿನ ಸ್ಲೋಪ್‌ನಿಂದ ಸೂಚ್ಯಂಕವನ್ನು ಗುಣಿಸಿ, 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ನಲ್ಲಿ ಪಾರ್ ಕಳೆದು ಉಳಿದದ್ದನ್ನು ಕೂಡಿಸಬೇಕು. ಸೂಚ್ಯಂಕ 16.4 ಇರುವವರಿಗೆ ಬಯಲಿನಲ್ಲಿ 15.9, ಅಂದರೆ 16 ಹೊಡೆತ, ಗುಡ್ಡದಲ್ಲಿ 19.7, ಅಂದರೆ 20. ಸೂಚ್ಯಂಕ 2.4 ಇರುವ ಪಳಗಿದ ಆಟಗಾರರಿಗೆ ಬಯಲಿನಲ್ಲಿ 2, ಗುಡ್ಡದಲ್ಲಿ 3. ಇಬ್ಬರ ನಡುವಿನ ಅಂತರ ಬಯಲಿನಲ್ಲಿ 14, ಗುಡ್ಡದಲ್ಲಿ 17. ಕೊಡಚಾದ್ರಿಯ ಏರಿನಲ್ಲಿ ಕಂಡ ಹಿಗ್ಗುವಿಕೆ ಇಲ್ಲಿ ಮೂರು ಹೊಡೆತಗಳಾಗಿ ಕಾಣಿಸಿಕೊಂಡಿದೆ. ಸ್ಪರ್ಧೆಗಳಲ್ಲಿ ಇದರ ಮೇಲೆ ಆಟದ ಸ್ವರೂಪಕ್ಕೆ ತಕ್ಕ ಶೇಕಡಾವಾರು ಹಾಕುತ್ತಾರೆ, ಒಬ್ಬೊಬ್ಬರೇ ಆಡುವ ಹೊಡೆತದ ಪಂದ್ಯಕ್ಕೆ ಸಾಮಾನ್ಯವಾಗಿ 95. ಅದರ ವಿವರಕ್ಕೆ ಹೋಗುವುದಿಲ್ಲ.

ಮಳೆಯ ಮಾತಿಲ್ಲದೆ ಮಲೆನಾಡಿನ ಲೆಕ್ಕ ಪೂರ್ಣವಾಗುವುದಿಲ್ಲ. ರೇಟಿಂಗ್ ಮಾಡುವುದು ಸಾಮಾನ್ಯ ಸ್ಥಿತಿಯ ಕೋರ್ಸ್‌ಗೆ. ಆಷಾಢದ ಜಡಿಮಳೆಯಲ್ಲಿ ಚೆಂಡು ಬಿದ್ದಲ್ಲೇ ಹೂತು ನಿಲ್ಲುತ್ತದೆ, ಒಂದು ಗಜವೂ ಉರುಳುವುದಿಲ್ಲ, ಮಂಜು ಕವಿದರೆ ಗ್ರೀನ್ ಎಲ್ಲಿದೆಯೆಂದೇ ಕಾಣದು. ಅಂಥ ದಿನಕ್ಕಾಗಿ ಪದ್ಧತಿಯಲ್ಲಿ ಒಂದು ದಿನದ ತಿದ್ದುಪಡಿ ಇದೆ. ಸಮಿತಿಯವರು ಆಕಾಶ ನೋಡಿ ಅದನ್ನು ನಿರ್ಧರಿಸುವುದಿಲ್ಲ. ಆ ದಿನ ಆಡಿದವರು ತಮ್ಮ ಸೂಚ್ಯಂಕದಿಂದ ನಿರೀಕ್ಷಿಸಿದ್ದಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಬಂದರು ಎಂಬುದರಿಂದಲೇ ಗಣಕ ಲೆಕ್ಕ ಹಾಕುತ್ತದೆ. ಅದು ಒಂದು ಹೊಡೆತ ಸುಲಭ ಎಂಬುದರಿಂದ ಮೂರು ಹೊಡೆತ ಕಠಿಣ ಎಂಬವರೆಗೆ ಇರಬಹುದು. ಇದು ಅಚ್ಚುಕಟ್ಟಾದ ವಿಚಾರ, ಆದರೆ ಅದಕ್ಕೆ ಕನಿಷ್ಠ ಎಂಟು ಜನರ ಅಂಕ ಬೇಕು. ಸುರಿಯುವ ಮಳೆಯಲ್ಲಿ ಗುಡ್ಡದ ಸಣ್ಣ ಕ್ಲಬ್ಬಿಗೆ ಎಂಟು ಜನ ಬರುವುದು ಕಷ್ಟ. ನಾಲ್ವರು ಬಂದರೆ ತಿದ್ದುಪಡಿ ಸೊನ್ನೆ, ಅತ್ಯಂತ ಕಠಿಣ ದಿನದ ಅಂಕ ಸಾಮಾನ್ಯ ದಿನದ ಅಂಕದಂತೆಯೇ ದಾಖಲಾಗುತ್ತದೆ. ಇಪ್ಪತ್ತರಲ್ಲಿ ಎಂಟನ್ನು ಆರಿಸುವ ಕ್ರಮ ಇಂಥ ದಿನಗಳನ್ನು ಬಹುಮಟ್ಟಿಗೆ ಹೊರಗಿಡುತ್ತದೆ ಎಂಬುದು ಸಮಾಧಾನ. ಆದರೂ ವರ್ಷದ ನಾಲ್ಕು ತಿಂಗಳು ಮಳೆಯಲ್ಲೇ ಆಡುವವರ ಮಟ್ಟಿಗೆ ಇದು ಉಳಿದಿರುವ ಕೊರತೆಯೇ ಎಂದು ನಾನು ಭಾವಿಸುತ್ತೇನೆ. ಇಲ್ಲಿ ಕುಳಿತಿರುವ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಲ್ಕೇ ಅಂಕಗಳಿಂದ ದಿನದ ಕಷ್ಟವನ್ನು ಅಂದಾಜಿಸುವ ದಾರಿ ಹುಡುಕಿದರೆ, ಅದು ಮಾಡುವಷ್ಟು ಯೋಗ್ಯವಾದ ಕೆಲಸ.

ನನ್ನ ಸ್ನೇಹಿತರು ಈಗಿಲ್ಲ. ಅವರ ಮನೆಯವರು ಹಳೆಯ ಅಂಕಪಟ್ಟಿಗಳ ಒಂದು ಕಟ್ಟನ್ನು ನನಗೆ ಕೊಟ್ಟಿದ್ದಾರೆ. ಕೆಲವು ಮಳೆನೀರು ತಾಗಿ ಮಸುಕಾಗಿದ್ದರೂ ಓದಲು ಬರುತ್ತವೆ. ಹೋದ ವರ್ಷ ಒಂದು ಸಂಜೆ ಅವುಗಳನ್ನು ಹರಡಿಕೊಂಡು, ಇವತ್ತಿನ ಪದ್ಧತಿಯಲ್ಲಿ ಆ ದಿನ ಅವರಿಗೆ ಎಷ್ಟು ಹೊಡೆತ ಸಿಗಬೇಕಿತ್ತೆಂದು ಲೆಕ್ಕ ಹಾಕಲು ಕುಳಿತೆ. ಇಪ್ಪತ್ತು ಸುತ್ತುಗಳ ಅಂಕಗಳನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಕೋರ್ಸ್ ರೇಟಿಂಗ್‌ಗೂ ಸ್ಲೋಪ್‌ಗೂ ಎರಡು ಅಂಕಣಗಳನ್ನು ಎಳೆದೆ. ಆ ಗುಡ್ಡದ ಕೋರ್ಸನ್ನು ಆ ಕಾಲದಲ್ಲಿ ಯಾರೂ ಅಳೆದಿರಲಿಲ್ಲ. ಮರಗಳು ಬೆಳೆದು, ಗ್ರೀನ್‌ಗಳು ಜಾಗ ಬದಲಿಸಿ, ಇವತ್ತು ಅಳೆದರೂ ಅದು ಅವರು ಆಡಿದ ಕೋರ್ಸ್ ಆಗಿರುವುದಿಲ್ಲ. ಆ ಎರಡು ಅಂಕಣಗಳು ನನ್ನ ಹಾಳೆಯಲ್ಲಿ ಖಾಲಿಯಾಗಿಯೇ ಇವೆ.